ಸೈರನ್ ಕೂಗಿದರೂ ಕುರ್ಚಿ ಬಿಟ್ಟೇಳದವರು

ಆಫೀಸಿನಲ್ಲಿ ಯಾರೋ ತಮಾಷೆಗೆ ಫೈರ್ ಅಲಾರಂ ಒತ್ತಿದರು, ಫೈರ್ ಇಂಜಿನ್ ಬಂತು, ಎಲ್ಲರೂ ಅರ್ಧ ಗಂಟೆ ಹೊರಗೆ ನಿಂತರು, ಒತ್ತಿದವನಿಗೆ ಎಚ್‌ಆರ್‌ನಿಂದ ನೋಟಿಸ್ ಹೋಯಿತು. ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಇಲ್ಲಿಗೇ ಮುಗಿಸುತ್ತಾರಲ್ಲ, ಅದೇ ನನ್ನ ತಕರಾರು. ಆತ ಚೇಷ್ಟೆ ಮಾಡಿದ್ದು ಒಂದು ಸಲ. ಅದೇ ಕಟ್ಟಡದ ಪ್ಯಾಂಟ್ರಿ ಪಕ್ಕದ ಹೊಗೆ ಡಿಟೆಕ್ಟರ್ ವಾರಕ್ಕೊಮ್ಮೆ ಸುಮ್ಮಸುಮ್ಮನೆ ಕೂಗುತ್ತಿರುತ್ತದೆ, ಅದಕ್ಕೆ ಯಾರಿಗೂ ನೋಟಿಸ್ ಇಲ್ಲ. ಎರಡರಿಂದಲೂ ಆಗುವ ಹಾನಿ ಒಂದೇ: ಮುಂದಿನ ಸಲ ಸೈರನ್ ಕೇಳಿದಾಗ ಜನ ಏಳುವುದಿಲ್ಲ.

ಇಂಗ್ಲೆಂಡಿನ ಅಗ್ನಿಶಾಮಕ ದಳಗಳು ಓಡಿಹೋಗುವ ಕರೆಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ 40 ಹುಸಿ. ಅದರಲ್ಲಿ ದೊಡ್ಡ ಪಾಲು ಉಪಕರಣ ತಾನಾಗಿ ಕೂಗಿದ್ದು. ಕಿಡಿಗೇಡಿತನದ್ದು ತೀರಾ ಸಣ್ಣ ಭಾಗ. ಬೇಸತ್ತ ಸ್ಕಾಟ್ಲೆಂಡಿನ ದಳ 2023ರ ಜುಲೈನಿಂದ, ಲಂಡನ್ನಿನ ದಳ 2024ರ ಅಕ್ಟೋಬರ್‌ನಿಂದ (ಇದು ಹಗಲು ಹೊತ್ತಿನಲ್ಲಿ ಮಾತ್ರ), ಬಹುತೇಕ ಕೆಲಸದ ಜಾಗಗಳಿಂದ ಬರುವ ಸ್ವಯಂಚಾಲಿತ ಅಲಾರಂಗೆ ವಾಹನ ಕಳಿಸುವುದನ್ನೇ ನಿಲ್ಲಿಸಿವೆ. ಯಾರಾದರೂ ಫೋನ್ ಮಾಡಿ ಬೆಂಕಿ ಇರುವುದು ನಿಜ ಎಂದರೆ ಮಾತ್ರ ಹೊರಡುತ್ತವೆ. ಯಂತ್ರದ ಮಾತನ್ನು ವೃತ್ತಿಯವರೇ ನಂಬದ ಹಂತ ಬಂದಿದೆ ಅಂದರೆ, ಎರಡನೇ ಮಹಡಿಯಲ್ಲಿ ಎಕ್ಸೆಲ್ ತೆರೆದು ಕೂತವನು ನಂಬಲಿಲ್ಲ ಎಂದು ಬೈದು ಏನು ಪ್ರಯೋಜನ?

ಮೊದಲು ಚೇಷ್ಟೆಯವನ ಕೈಗೆ ಸಿಗುವ ಆ ಕೆಂಪು ಡಬ್ಬಿಯ ಬಗ್ಗೆ, ಅಂದರೆ ಕಾಲ್ ಪಾಯಿಂಟ್. ಹೊಗೆ ಡಿಟೆಕ್ಟರಿನ ಸಂಕೇತವನ್ನು ಪ್ಯಾನೆಲ್, ಅಂದರೆ ಇಡೀ ಅಲಾರಂ ವ್ಯವಸ್ಥೆಯನ್ನು ನಿಯಂತ್ರಿಸುವ ಪೆಟ್ಟಿಗೆ, ಸ್ವಲ್ಪ ಅನುಮಾನಿಸಬಹುದು. ಪಕ್ಕದ ಇನ್ನೊಂದು ಡಿಟೆಕ್ಟರೂ ಹೇಳಲಿ ಎಂದು ಕಾಯುವಂತೆ, ಅಥವಾ ಸೆಕ್ಯೂರಿಟಿಯವರು ನೋಡಿಬರಲು ಒಂದೆರಡು ನಿಮಿಷ ಕೊಡುವಂತೆ ಅದನ್ನು ಹೊಂದಿಸಬಹುದು. ಕಾಲ್ ಪಾಯಿಂಟಿನ ವಿಷಯದಲ್ಲಿ ಅನುಮಾನಕ್ಕೆ ಜಾಗವಿಲ್ಲ. ಮನುಷ್ಯನೊಬ್ಬ ಕಣ್ಣಾರೆ ಬೆಂಕಿ ನೋಡಿ ಒತ್ತಿದ್ದಾನೆ ಎಂದೇ ಪ್ಯಾನೆಲ್‌ನ ಲೆಕ್ಕ. ಒತ್ತಿದ ಕೆಲವೇ ಸೆಕೆಂಡಿನಲ್ಲಿ ಹೂಟರ್ ಶುರು. ಲಿಫ್ಟುಗಳು ನೆಲಮಹಡಿಗೆ ಇಳಿದು ಬಾಗಿಲು ತೆರೆದು ನಿಲ್ಲುತ್ತವೆ. ಎಸಿಯ ಗಾಳಿ ನಿಲ್ಲುತ್ತದೆ, ಗಾಳಿ ಕೊಳವೆಯೊಳಗೆ (ಡಕ್ಟ್) ಬಾಗಿಲಿನಂತಿರುವ ಡ್ಯಾಂಪರ್‌ಗಳು ಮುಚ್ಚುತ್ತವೆ, ಹೊಗೆ ನುಗ್ಗದಂತೆ ಮೆಟ್ಟಿಲಿನ ಬಾವಿಗೆ ಗಾಳಿ ತುಂಬುವ ಫ್ಯಾನ್ ತಿರುಗುತ್ತದೆ. ಕಾರ್ಡ್ ತೋರಿಸಿ ತೆರೆಯಬೇಕಾದ ಬಾಗಿಲುಗಳ ಮ್ಯಾಗ್ನೆಟ್ ಬಿಟ್ಟುಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದಾದ ಸ್ಥಿತಿ. (ಕಳ್ಳನಿಗೂ ಇದು ಗೊತ್ತು. ಹುಸಿ ಅಲಾರಂ ಆದ ದಿನ ಲ್ಯಾಪ್‌ಟಾಪ್ ಎಣಿಸಿಕೊಳ್ಳುವುದು ಒಳ್ಳೆಯದು.) ಸಿನಿಮಾದಲ್ಲಿ ತೋರಿಸುವ ಹಾಗೆ ಇಡೀ ಮಹಡಿಯ ಸ್ಪ್ರಿಂಕ್ಲರ್ ಮಳೆ ಸುರಿಸುವುದು ಮಾತ್ರ ಆಗುವುದಿಲ್ಲ. ಸಾಮಾನ್ಯ ಸ್ಪ್ರಿಂಕ್ಲರಿನ ಪ್ರತಿ ತಲೆಗೂ ಅದರದೇ ಗಾಜಿನ ಬಲ್ಬ್ ಇದೆ. ಕೆಂಪು ಬಲ್ಬ್ ಆದರೆ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ, ಒಡೆದ ತಲೆಯಿಂದ ಮಾತ್ರ ನೀರು.

ಒತ್ತುವುದು ಒಂದು ಬೆರಳಿನ ಕೆಲಸ, ಮೊದಲಿನಂತೆ ಮಾಡುವುದಕ್ಕೆ ಕ್ರಮ ಗೊತ್ತಿರಬೇಕು. ಪ್ಯಾನೆಲ್‌ನಲ್ಲಿ ಯಾವ ಜೋನ್ (ಕಟ್ಟಡದ ಯಾವ ಭಾಗ), ಯಾವ ನಂಬರಿನ ಉಪಕರಣ ಎಂದು ಓದಿ, ನೋಡಿದ್ದೇವೆ ಎಂದು ಅಕ್ನಾಲೆಡ್ಜ್ ಗುಂಡಿ ಒತ್ತಬೇಕು. ಆಮೇಲೆ ಮನುಷ್ಯ ಅಲ್ಲಿಗೆ ಹೋಗಿ ನೋಡಬೇಕು, ಒಬ್ಬನಲ್ಲ, ಇಬ್ಬರು, ವಾಕಿ ಹಿಡಿದು. ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಹೂಟರ್ ಸೈಲೆನ್ಸ್. ನಂತರ ಕಾಲ್ ಪಾಯಿಂಟನ್ನು ಅದರ ಕೀಲಿಯಿಂದ ಮೊದಲ ಸ್ಥಿತಿಗೆ ತರಬೇಕು, ಗಾಜಿನದ್ದಾದರೆ ಹೊಸ ಗಾಜು ಹಾಕಬೇಕು. ಕೊನೆಗೆ ರೀಸೆಟ್. ಇಲ್ಲಿ ನಡೆಯುವ ಸಾಮಾನ್ಯ ಎಡವಟ್ಟು ಏನೆಂದರೆ, ಹೂಟರಿನ ಗಲಾಟೆಗೆ ತಲೆಕೆಟ್ಟು ಮೊದಲೇ ರೀಸೆಟ್ ಒತ್ತುವುದು. ಡಬ್ಬಿ ಇನ್ನೂ ಒತ್ತಿದ ಸ್ಥಿತಿಯಲ್ಲೇ ಇರುವುದರಿಂದ ಮತ್ತೆ ಕೂಗುತ್ತದೆ. ಮೆಟ್ಟಿಲಲ್ಲಿ ಅರ್ಧ ಇಳಿದವರು ನಿಲ್ಲುತ್ತಾರೆ, ವಾಪಸ್ ಹತ್ತುತ್ತಾರೆ, ಮತ್ತೆ ಇಳಿಯುತ್ತಾರೆ. ಎರಡನೆಯ ತಪ್ಪು, ಸೈಲೆನ್ಸ್ ಆಯಿತಲ್ಲ ಎಂದು ರೀಸೆಟ್ಟನ್ನೇ ಮರೆಯುವುದು. ಸದ್ದು ನಿಂತಿರುತ್ತದೆ, ಲಿಫ್ಟು ಕೆಳಗೇ ನಿಂತಿರುತ್ತದೆ. ಡ್ಯಾಂಪರ್‌ಗಳಲ್ಲೂ ಕೆಲವು ತಾವಾಗಿ ತೆರೆಯುತ್ತವೆ, ಕೆಲವನ್ನು ಕೈಯಿಂದ ತೆರೆಯಬೇಕು. ಮೂರು ದಿನ ಬಿಟ್ಟು ಒಂದು ಮೂಲೆಯಲ್ಲಿ ಮಾತ್ರ ಎಸಿ ತಂಪಾಗುತ್ತಿಲ್ಲ ಎಂದು ದೂರು ಬಂದರೆ ಇದನ್ನೇ ಮೊದಲು ನೋಡಿ.

ಚೇಷ್ಟೆಯಿಲ್ಲದೆ ಕೂಗುವ ಡಿಟೆಕ್ಟರಿನ ವಿಷಯ ಇನ್ನೂ ಸರಳ. ಆಪ್ಟಿಕಲ್ ಡಿಟೆಕ್ಟರ್ ಒಳಗೆ ಒಂದು ಕತ್ತಲೆ ಗೂಡು, ಒಂದು ಎಲ್‌ಇಡಿ, ಅದರ ಬೆಳಕು ನೇರ ಬೀಳದ ಕೋನದಲ್ಲಿ ಒಂದು ಸೆನ್ಸರ್. ಹೊಗೆಯ ಕಣ ಒಳಗೆ ಬಂದರೆ ಬೆಳಕು ಚದುರಿ ಸೆನ್ಸರಿಗೆ ಬೀಳುತ್ತದೆ. ಬಿಸಿನೀರಿನ ಆವಿ, ಸೆಂಟ್ ಸ್ಪ್ರೇ, ವೇಪ್, ಮರ ಕೊರೆದ ಧೂಳು, ಒಳಗೆ ಮನೆ ಮಾಡಿದ ಸಣ್ಣ ಹುಳು ಎಲ್ಲವೂ ಬೆಳಕನ್ನು ಚದುರಿಸುತ್ತವೆ. ಅದಕ್ಕೆ ಹೊಗೆಯ ಗುರುತು ಗೊತ್ತಿಲ್ಲ, ಚದುರಿದ ಬೆಳಕು ಮಾತ್ರ ಗೊತ್ತು. ಹಾಗಾಗಿ ಒಲೆ, ಕೆಟಲ್ ಇರುವ ಜಾಗಕ್ಕೆ ಶಾಖದ ಡಿಟೆಕ್ಟರ್ ಹಾಕಬೇಕು. ರಿಪೇರಿ ಕೆಲಸ ನಡೆಯುವಾಗ ಆ ಜಾಗದ ಡಿಟೆಕ್ಟರಿಗೆ ಧೂಳು ಹೋಗದಂತೆ ಟೋಪಿ ಹಾಕಬೇಕು, ಸಂಜೆ ಕೆಲಸ ನಿಂತ ಕೂಡಲೇ ತೆಗೆಯಬೇಕು. ಟೋಪಿ ಹಾಕಿಯೇ ತಿಂಗಳುಗಟ್ಟಲೆ ಬಿಟ್ಟ ಡಿಟೆಕ್ಟರುಗಳು ಹುಡುಕಿದರೆ ಸಿಗುತ್ತವೆ, ತಲೆಯೆತ್ತಿ ನೋಡುವವರಿದ್ದರೆ.

ಅಗ್ನಿಶಾಮಕ ಸಿಲಿಂಡರನ್ನು ಹುಟ್ಟುಹಬ್ಬದ ಫೋಮ್ ಸ್ಪ್ರೇ ಹಾಗೆ ಬಳಸುವ ಜಾಣರಿಗೂ ಒಂದು ಮಾತು. ಹಲವು ಬಗೆಯ ಬೆಂಕಿಗೆ ಬಳಸುವ ಎಬಿಸಿ ಪುಡಿಯಲ್ಲಿ ಮುಖ್ಯವಾಗಿ ಇರುವುದು ಮೋನೋ ಅಮೋನಿಯಂ ಫಾಸ್ಫೇಟ್. ಅದು ಗಾಳಿಯ ತೇವ ಹೀರಿಕೊಂಡು ಆಮ್ಲೀಯವಾಗುತ್ತದೆ, ಸರ್ಕ್ಯೂಟ್ ಬೋರ್ಡಿನ ತಾಮ್ರವನ್ನು ತಿನ್ನುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಕೆಡುತ್ತದೆ. ಮೊದಲು ಒಣಗಿದ್ದಾಗಲೇ ವ್ಯಾಕ್ಯೂಮ್‌ನಿಂದ ಎಳೆಯಬೇಕು. ಆ ಪುಡಿಯ ಮೋಡವೇ ಹೊಗೆ ಡಿಟೆಕ್ಟರನ್ನು ಕೂಗಿಸುತ್ತದೆ, ಆಮೇಲೆ ಫೈರ್ ಇಂಜಿನ್. ಇದಕ್ಕಿಂತ ಅಪಾಯ ಇನ್ನೊಂದು: ಒಂದೇ ಸೆಕೆಂಡ್ ಹೊಡೆದು ಪಿನ್ ಸಿಕ್ಕಿಸಿ ಮತ್ತೆ ಗೋಡೆಗೆ ನೇತುಹಾಕುವುದು. ಪುಡಿ ವಾಲ್ವಿನ ಸೀಟಿನಲ್ಲಿ ಕೂತು ಅದು ಪೂರ್ತಿ ಮುಚ್ಚುವುದಿಲ್ಲ, ಗ್ಯಾಸ್ ಸದ್ದಿಲ್ಲದೆ ಸೋರಿ ಒತ್ತಡ ತೋರಿಸುವ ಮುಳ್ಳು ಕೆಂಪಿಗೆ ಇಳಿಯುತ್ತದೆ. ಸ್ವಲ್ಪ ಬಳಸಿದರೂ ಅದು ಬಳಸಿದ ಸಿಲಿಂಡರೇ, ರೀಫಿಲ್‌ಗೆ ಕಳಿಸಲೇಬೇಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಆದರೆ ಪುಡಿ ಇಲ್ಲ ನಿಜ, ಆದರೆ ಕೊಳವೆಯ ಬಾಯಲ್ಲಿ ಮೈನಸ್ 78 ಡಿಗ್ರಿಯ ಡ್ರೈ ಐಸ್ ಬರುತ್ತದೆ. ಸ್ನೇಹಿತನ ಕುತ್ತಿಗೆಗೆ ಹತ್ತಿರದಿಂದ ಹೊಡೆದರೆ ಚರ್ಮ ಸುಡುತ್ತದೆ.

ಸರ್ವರ್ ರೂಮಿನ ಹೊರಗಿರುವ, ಸಾಮಾನ್ಯವಾಗಿ ಹಳದಿ ಬಣ್ಣದ ಡಬ್ಬಿಯನ್ನಂತೂ ಮುಟ್ಟಲೇಬಾರದು. ಅದು ಒಳಗೆ ಗ್ಯಾಸ್ ಬಿಡುವ ಗುಂಡಿ. ಕಾರ್ಬನ್ ಡೈಆಕ್ಸೈಡ್ ತುಂಬುವ ವ್ಯವಸ್ಥೆಯಾದರೆ ಕೋಣೆಯ ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ 34 ದಾಟುತ್ತದೆ, ಒಳಗಿದ್ದವರು ಉಳಿಯುವುದಿಲ್ಲ. ಉಸಿರಾಟಕ್ಕೆ ಅಷ್ಟು ಅಪಾಯವಿಲ್ಲದ ಗ್ಯಾಸ್ ಆದರೂ ನಷ್ಟ ತಪ್ಪುವುದಿಲ್ಲ. 2016ರ ಸೆಪ್ಟೆಂಬರಿನಲ್ಲಿ ಬುಕಾರೆಸ್ಟ್‌ನ ಬ್ಯಾಂಕೊಂದರ ಡೇಟಾ ಸೆಂಟರಿನಲ್ಲಿ ಪರೀಕ್ಷೆಗೆಂದು ಇಂಥ ಗ್ಯಾಸ್ ಬಿಟ್ಟಾಗ, ಅದು ನುಗ್ಗಿದ ಸದ್ದಿನ ಕಂಪನಕ್ಕೇ ಹಾರ್ಡ್ ಡಿಸ್ಕುಗಳು ಕೆಟ್ಟು ಗಂಟೆಗಟ್ಟಲೆ ಎಟಿಎಂ, ಕಾರ್ಡು ನಿಂತುಹೋದವು. ಅದು ಚೇಷ್ಟೆಯೂ ಅಲ್ಲ, ಯೋಜನೆ ಮಾಡಿಯೇ ನಡೆಸಿದ ಪರೀಕ್ಷೆ.

ಈಗ ಜನರ ವಿಷಯ. 1968ರಲ್ಲಿ ಲಟಾನೆ ಮತ್ತು ಡಾರ್ಲಿ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಕೋಣೆಯಲ್ಲಿ ಕೂತು ಫಾರಂ ತುಂಬುತ್ತಿರುವವರ ಕಡೆಗೆ ಗೋಡೆಯಿಂದ ಹೊಗೆ ಬಿಟ್ಟರು. ಒಂಟಿಯಾಗಿದ್ದವರಲ್ಲಿ ನೂರಕ್ಕೆ 75 ಮಂದಿ ಎದ್ದುಹೋಗಿ ತಿಳಿಸಿದರು. ಏನೂ ಆಗದವರಂತೆ ನಟಿಸುವ ಇಬ್ಬರು ಪಕ್ಕದಲ್ಲಿದ್ದಾಗ ಎದ್ದವರು ನೂರಕ್ಕೆ 10. ಮೊದಲ ಸಲದ ಹೊಗೆಗೇ ಹೀಗಾದರೆ, ಹತ್ತು ಸಲ ಸುಳ್ಳು ಸೈರನ್ ಕೇಳಿದ ಮಹಡಿಯಲ್ಲಿ ಹೇಗಿರಬೇಡ? ಅಮೆರಿಕದ ನ್ಯೂಜೆರ್ಸಿಯ ಸೀಟನ್ ಹಾಲ್ ವಿಶ್ವವಿದ್ಯಾಲಯದ ಹಾಸ್ಟೆಲ್ ಇದಕ್ಕೆ ಉತ್ತರ. 2000ದ ಜನವರಿ 19ರ ನಸುಕಿನಲ್ಲಿ ಅಲ್ಲಿ ಬೆಂಕಿ ಬಿದ್ದಾಗ, ಹಿಂದಿನ ತಿಂಗಳುಗಳಲ್ಲಿ ಪದೇಪದೇ ಹುಸಿ ಅಲಾರಂ ಕೇಳಿದ್ದ ಹಲವರು ಇದೂ ಅಂಥದ್ದೇ ಎಂದು ಹಾಸಿಗೆಯಲ್ಲೇ ಉಳಿದರು. ಮೂವರು ಸತ್ತರು, ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ವರ್ಷಗಳ ನಂತರ ಇಬ್ಬರು ಮಾಜಿ ವಿದ್ಯಾರ್ಥಿಗಳು ಬೆಂಕಿ ಹಚ್ಚಿದ್ದನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಹಚ್ಚಿದ್ದು ಚೇಷ್ಟೆಗೆ.

ಕರೆಂಟ್ ಹೊಡೆದವನಂತೆ ನಡುಗುವ, ಎದೆ ಹಿಡಿದುಕೊಂಡು ಬೀಳುವ ನಾಟಕಗಳನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಹೃದಯ ನಿಂತಾಗ ಸಿಪಿಆರ್ (ಎದೆ ಒತ್ತುವ ಪ್ರಥಮ ಚಿಕಿತ್ಸೆ), ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಸಿಗದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. 'ಏಯ್ ಸಾಕು ಏಳೋ' ಎಂದು ನಗುತ್ತಾ ನಿಲ್ಲುವುದಕ್ಕೆ ಒಂದು ನಿಮಿಷ ಧಾರಾಳವಾಗಿ ಸಾಕು.

ಲಕೋಟೆಯಲ್ಲಿ ಬಿಳಿ ಪುಡಿ ಹಾಕಿ ಸಹೋದ್ಯೋಗಿಯ ಮೇಜಿನ ಮೇಲಿಡುವವರಿದ್ದಾರೆ. 2001ರಲ್ಲಿ ಅಮೆರಿಕದಲ್ಲಿ ಆಂತ್ರಾಕ್ಸ್ ರೋಗಾಣುವಿನ ಪುಡಿ ಇದ್ದ ಪತ್ರಗಳಿಂದ 5 ಮಂದಿ ಸತ್ತ ಮೇಲೆ ಅದನ್ನು ಯಾವ ದೇಶದ ಪೊಲೀಸರೂ ತಮಾಷೆ ಎಂದುಕೊಂಡು ಬರುವುದಿಲ್ಲ. ಗಾಳಿಯಂತ್ರ ಬಂದ್, ಬಾಗಿಲು ಬಂದ್, ಆ ಕೋಣೆಯಲ್ಲಿದ್ದವರು ಅಲ್ಲೇ. ಪುಡಿ ಮೈದಾ ಎಂದು ಇಟ್ಟವನಿಗೆ ಗೊತ್ತು, ಆದರೆ ಅಷ್ಟು ಹೊತ್ತಿಗೆ ಬಾಯಿ ಬಿಡಲು ಅವನಿಗೂ ಭಯ.

ಈ ಭಯವನ್ನೇ ಮೊದಲು ತೆಗೆಯಬೇಕು ಎನ್ನುವುದು ನನ್ನ ವಾದ. ಶಿಕ್ಷೆ ಎಷ್ಟು ಕಠಿಣವೋ ಒಪ್ಪಿಕೊಳ್ಳುವುದು ಅಷ್ಟು ತಡ. ಒತ್ತಿದವನು ಆ ಕ್ಷಣವೇ ಸೆಕ್ಯೂರಿಟಿಗೆ ಹೇಳಿದರೆ ಒಂದು ಕ್ರಮ, ಮುಚ್ಚಿಟ್ಟು ಕ್ಯಾಮೆರಾದಲ್ಲಿ ಸಿಕ್ಕಿಬಿದ್ದರೆ ಬೇರೆಯೇ ಕ್ರಮ ಎಂದು ಮೊದಲೇ ಬರೆದು ಗೋಡೆಗೆ ಅಂಟಿಸಿ. ಹಾಗೆ ಹೇಳಿದ ಮಾತ್ರಕ್ಕೆ ಜನರನ್ನು ಒಳಗೆ ಬಿಡುವಂತಿಲ್ಲ. ಜಾಗ ನೋಡಿಯೇ ತೀರ್ಮಾನ ಆಗಬೇಕು. ಆದರೆ ಎಲ್ಲಿ ನೋಡಬೇಕು ಎಂಬುದಾದರೂ ತಿಳಿಯುತ್ತದೆ.

ತುರ್ತು ನಂಬರಿಗೆ ತಪ್ಪಿ ಕರೆ ಹೋದರೂ ಹೀಗೆಯೇ. ಕೆಲವು ಫೋನುಗಳಲ್ಲಿ ಪವರ್ ಬಟನ್ ಐದು ಸಲ ಒತ್ತಿದರೆ ಕರೆ ಹೋಗುತ್ತದೆ. ಗಾಬರಿಯಿಂದ ಕಟ್ ಮಾಡುವುದು ಅತ್ಯಂತ ಕೆಟ್ಟ ಆಯ್ಕೆ. ಮಾತಿಲ್ಲದೆ ಕಟ್ ಆದ ಕರೆ ಎಂದರೆ ಅಪಾಯದಲ್ಲಿರುವವರ ಕರೆಯೂ ಇರಬಹುದು, ಹಾಗಾಗಿ ತುರ್ತು ಸೇವೆಯವರು ವಾಪಸ್ ಕರೆ ಮಾಡುತ್ತಾರೆ, ಅಥವಾ ಯಾರನ್ನಾದರೂ ಕಳಿಸುತ್ತಾರೆ. ಲೈನಲ್ಲೇ ಇದ್ದು ತಪ್ಪಾಗಿ ಹೋಗಿದೆ, ಎಲ್ಲರೂ ಕ್ಷೇಮ ಎಂದು ಹೇಳಿದರೆ ಅಲ್ಲಿಗೆ ಮುಗಿಯಿತು.

ರದ್ದು ಮಾಡುವ ದಾರಿ ಸಿದ್ಧವಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹವಾಯಿ ಇದೆ. 2018ರ ಜನವರಿ 13ರ ಬೆಳಿಗ್ಗೆ, ಅಣಕು ಕಾರ್ಯಾಚರಣೆಯ ವೇಳೆ ಕ್ಷಿಪಣಿ ಬರುತ್ತಿದೆ ಎಂಬ ಸಂದೇಶ ಇಡೀ ರಾಜ್ಯದ ಫೋನುಗಳಿಗೆ ಹೋಯಿತು. ಸುಳ್ಳು ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಆದರೆ ಫೋನುಗಳಿಗೆ ತಿದ್ದುಪಡಿ ಹೋಗಲು 38 ನಿಮಿಷ ಬೇಕಾಯಿತು. ಕಾರಣ, ಸಂದೇಶ ವಾಪಸ್ ಪಡೆಯುವ ಸಿದ್ಧ ಮಾದರಿಯೇ ಇರಲಿಲ್ಲ. ನಿಮ್ಮ ಕಟ್ಟಡದ ಪಬ್ಲಿಕ್ ಅಡ್ರೆಸ್‌ನಲ್ಲಿ 'ಹೊರಡಿ' ಎಂಬ ಪ್ರಕಟಣೆ ರೆಕಾರ್ಡ್ ಆಗಿರುತ್ತದೆ, 'ಪರಿಶೀಲನೆ ಮುಗಿದಿದೆ, ಇಂಥ ಕಾರಣಕ್ಕೆ ಕೂಗಿತು, ಒಳಗೆ ಬನ್ನಿ' ಎಂಬುದು ಇರುತ್ತದೆಯೇ? ಕಾರಣ ಹೇಳದೆ ಒಳಗೆ ಕರೆದರೆ ಜನ ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ, ಅದು ಯಾವಾಗಲೂ 'ಇದು ಇದ್ದದ್ದೇ' ಎಂಬುದೇ.

ಉಳಿದದ್ದು ಸಣ್ಣ ಕೆಲಸಗಳು. ಓಡಾಟದ ಜಾಗದ ಕಾಲ್ ಪಾಯಿಂಟಿಗೆ ಎತ್ತಿ ಒತ್ತಬೇಕಾದ ಪಾರದರ್ಶಕ ಮುಚ್ಚಳ ಹಾಕಿ. ಎತ್ತಿದರೆ ತಾನೇ ಕಿರುಚುವ ಮುಚ್ಚಳಗಳೂ ಇವೆ, ಚೇಷ್ಟೆಯವರಿಗೆ ಅಷ್ಟೇ ಸಾಕು. ವಾರದ ಹೂಟರ್ ಪರೀಕ್ಷೆ ಒಂದೇ ದಿನ, ಒಂದೇ ಸಮಯಕ್ಕೆ ಇರಲಿ, ಬೇರೆ ಸಮಯದಲ್ಲಿ ಕೂಗಿದ್ದೆಲ್ಲ ನಿಜವೆಂದೇ ಲೆಕ್ಕ. ರಿಜಿಸ್ಟರಿನಲ್ಲಿ 'ಫಾಲ್ಸ್ ಅಲಾರಂ' ಎಂದು ಎರಡು ಪದ ಬರೆದು ಸಹಿ ಹಾಕುವುದನ್ನು ಒಪ್ಪಬೇಡಿ: ಡಿಟೆಕ್ಟರಿನ ನಂಬರು, ಕೂಗಿದ್ದಕ್ಕೆ ಕಾರಣ, ಬದಲಿಸಿದ್ದು ಏನು, ಮೂರೂ ಬೇಕು. ಒಂದೇ ನಂಬರು ಮೂರನೇ ಸಲ ಕಂಡರೆ ಡಿಟೆಕ್ಟರಿನ ಜಾತಿಯನ್ನೋ ಜಾಗವನ್ನೋ ಬದಲಿಸಿ. ತಲೆನೋವು ತಾಳಲಾರದೆ ಜೋನನ್ನೇ ಡಿಸೇಬಲ್ ಮಾಡುವುದಾದರೆ, ಯಾರು ಮಾಡಿದರು, ಎಷ್ಟು ಗಂಟೆಗೆ ಮತ್ತೆ ಆನ್ ಮಾಡಬೇಕು ಎಂದು ಚೀಟಿ ಬರೆದು ಪ್ಯಾನೆಲ್ ಬಾಗಿಲಿಗೇ ಅಂಟಿಸಿ. ಶಿಫ್ಟ್ ಬದಲಾಗುವಾಗ ಆ ಚೀಟಿಗೆ ಮುಂದಿನವರ ಸಹಿ ಬೀಳದೆ ಹಿಂದಿನವರು ಮನೆಗೆ ಹೊರಡಬಾರದು.