ಲೈಸೆನ್ಸ್ ಕೊಡುವ ಮೊದಲು ಮನೆಯವರನ್ನೂ ಕೇಳಿ

ಚುನಾವಣೆ ಘೋಷಣೆ ಆಯಿತೆಂದರೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದವರಿಗೆ ಒಂದು ಕೆಲಸ ಗ್ಯಾರಂಟಿ. ಕೋವಿ ಒಯ್ದು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕು. ಬೈಕಿನ ಹಿಂದೆ ಕೂತವನ ಕೈಯಲ್ಲಿ ಗೋಣಿ ಸುತ್ತಿದ ಉದ್ದದ ಸಾಮಾನು ಕಂಡರೆ ಅದೇನೆಂದು ಯಾರೂ ಕೇಳುವುದಿಲ್ಲ. ಮತ ಎಣಿಕೆ ಮುಗಿದು ಕೋವಿ ಮನೆಗೆ ಬರುವಷ್ಟರಲ್ಲಿ ಮಂಗಗಳು ಬಾಳೆಗೊನೆ ಮುಗಿಸಿ ಎಳೆ ಅಡಿಕೆಗೂ ಕೈ ಹಾಕಿರುತ್ತವೆ.

ಹಾಗಾಗಿ ಕೋವಿ ಕಾನೂನು ಇನ್ನೂ ಬಿಗಿಯಾಗಬೇಕು ಅಂದರೆ ನಾನು ವಿರೋಧಿಸುತ್ತೇನೆ ಅಂದುಕೊಳ್ಳುವವರೇ ಜಾಸ್ತಿ. ಇಲ್ಲ. ನಾನು ಬಿಗಿ ಕಾನೂನಿನ ಪರ. ಆದರೆ ಎಲ್ಲಿ ಬಿಗಿ ಮಾಡಬೇಕು ಅನ್ನುವುದರಲ್ಲಿ ನನ್ನ ಲೆಕ್ಕ ಬೇರೆ ಇದೆ.

ಟೆಕ್ಸಾಸ್‌ನಲ್ಲಿರುವ ಭಾವ ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಬಂದಾಗ ಈ ಚರ್ಚೆ ಶುರುವಾಗಿದ್ದು. "ಕೋವಿ ಕೊಲ್ತಿಲ್ಲೆ ಮಾರಾಯಾ, ಮನುಷ್ಯ ಕೊಲ್ತ" ಅಂದ ಅವ. ಅಲ್ಲಿ 2021ರಿಂದ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಲು ಬಹುತೇಕರಿಗೆ ಪರವಾನಗಿಯೇ ಬೇಡ. ಒಳ್ಳೆಯವರ ಕೈಯಲ್ಲೂ ಕೋವಿ ಇದ್ದರೆ ಕೆಟ್ಟವನನ್ನು ತಡೆಯಬಹುದು ಅನ್ನುವುದು ಅವರ ವಾದ. ಅದೇ ಟೆಕ್ಸಾಸ್‌ನ ಯುವಾಲ್ಡಿಯಲ್ಲಿ 2022ರ ಮೇ ತಿಂಗಳಲ್ಲಿ ಏನಾಯಿತು? ಹದಿನೆಂಟು ತುಂಬಿದ ಕೆಲವೇ ದಿನಗಳಲ್ಲಿ ಒಬ್ಬ ಹುಡುಗ ಕಾನೂನು ಪ್ರಕಾರವೇ ಎರಡು ರೈಫಲ್ ಕೊಂಡ. ಶಾಲೆಗೆ ನುಗ್ಗಿ 19 ಮಕ್ಕಳನ್ನು, ಇಬ್ಬರು ಶಿಕ್ಷಕಿಯರನ್ನು ಕೊಂದ. ಅಲ್ಲಿಗೆ ಬಂದು ಸೇರಿದ ಪೊಲೀಸರು, ಅಧಿಕಾರಿಗಳು ಒಟ್ಟು 376 ಮಂದಿ. ಎಲ್ಲರ ಹತ್ತಿರವೂ ಕೋವಿ ಇತ್ತು. ಆ ಕೋಣೆಯೊಳಗೆ ಹೋಗಲು ಒಂದು ತಾಸಿಗಿಂತ ಜಾಸ್ತಿ ಹಿಡಿಯಿತು.

ಕತ್ತಿಯಲ್ಲೂ ಕೊಲ್ಲಬಹುದಲ್ಲ ಅನ್ನುತ್ತಾರೆ. ಕೊಲ್ಲಬಹುದು. ನಮ್ಮಲ್ಲಿ ತೋಟಕ್ಕೆ ಹೋಗುವವರೆಲ್ಲ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ಹೋಗುತ್ತಾರೆ. ಆದರೆ 2012ರ ಡಿಸೆಂಬರ್ 14 ನೋಡಿ. ಚೀನಾದ ಹೆನಾನ್ ಪ್ರಾಂತ್ಯದ ಒಂದು ಶಾಲೆಗೆ ಒಬ್ಬ ಚಾಕು ಹಿಡಿದು ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಇರಿದ. ಒಂದು ಮಗುವೂ ಸಾಯಲಿಲ್ಲ. ಅದೇ ದಿನ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬ ಬಂದೂಕು ಹಿಡಿದು ನುಗ್ಗಿದ. 20 ಮಕ್ಕಳು, 6 ಮಂದಿ ದೊಡ್ಡವರು ಸತ್ತರು. ಇಬ್ಬರ ತಲೆಯೂ ಕೆಟ್ಟಿತ್ತು, ಕೈಯಲ್ಲಿದ್ದದ್ದು ಬೇರೆ ಬೇರೆ.

ನಮ್ಮ ಅಪ್ಪಯ್ಯನ ಕೋವಿ ಹಳೇ ಕಾಲದ ಕೇಪಿನ ಕೋವಿ. ಒಂದು ಈಡು ಹೊಡೆಯಬೇಕಾದರೆ ನಳಿಗೆಗೆ ಮಸಿ, ಅಂದರೆ ಕೋವಿಮದ್ದು, ಸುರಿಯಬೇಕು. ತೆಂಗಿನ ಕತ್ತ ತುರುಕಿ ಗಜದಲ್ಲಿ, ಅಂದರೆ ಉದ್ದ ಸರಳಿನಲ್ಲಿ, ಜಡಿಯಬೇಕು. ಚರೆ (ಸಣ್ಣ ಸೀಸದ ಗುಂಡು) ಹಾಕಿ ಮತ್ತೆ ಜಡಿಯಬೇಕು. ಕೊನೆಗೆ ಕಿಡಿ ಹೊತ್ತಿಸುವ ಕೇಪು ಇಡಬೇಕು. ಮಳೆಗಾಲದಲ್ಲಿ ಮಸಿ ತಂಡಿ ಹಿಡಿದಿದ್ದರೆ ಅಷ್ಟು ಮಾಡಿಯೂ ಠುಸ್. ಮಂಗ ಅಷ್ಟೊತ್ತಿಗೆ ಪಕ್ಕದವರ ತೋಟ ಸೇರಿರುತ್ತದೆ. ನಮ್ಮ ಸೀಮೆಯಲ್ಲಿ ಗಡಿ ಜಗಳ, ಬೆಟ್ಟದ ಜಗಳ, ಹಿಸೆ ಜಗಳಕ್ಕೇನೂ ಬರಗಾಲವಿಲ್ಲ. ಅಣ್ಣ ತಮ್ಮಂದಿರೇ ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುತ್ತಾರೆ. ಗೋಡೆಗೆ ಕೋವಿ ಇರುವ ಮನೆಗಳಲ್ಲೂ ಆ ಜಗಳ ವಕೀಲರವರೆಗೆ ಹೋಗುತ್ತದೆ, ಹೆಣ ಬೀಳುವುದು ಅಪರೂಪ. ನಾವು ಬಹಳ ಸಾಧು ಜನ ಅಂತಲ್ಲ. ಈ ಕೋವಿ ತುಂಬುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ, ಆಯಿ ಬಂದು ಬೈದು ಒಳಗೆ ಕಳಿಸಿರುತ್ತಾಳೆ.

1959ರ ಶಸ್ತ್ರಾಸ್ತ್ರ ಕಾಯ್ದೆ ಮಾಡಿದವರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ಬೆಳೆ ರಕ್ಷಣೆಗೆ ಅಂದರೆ ನಳಿಗೆಯ ಬಾಯಿಂದ ಮಸಿ ತುಂಬುವ ಇಂಥ ಕೋವಿಗೇ ಅದರಲ್ಲಿ ದಾರಿ ಸಲೀಸು. ಸುಲಭವಾಗಿ ಬಚ್ಚಿಟ್ಟುಕೊಳ್ಳುವ ಪಿಸ್ತೂಲಿಗೆ ಅಷ್ಟು ಸುಲಭದಲ್ಲಿ ಲೈಸೆನ್ಸ್ ಇಲ್ಲ. ಬಿಗಿ ಕಾನೂನು ಅಂದರೆ ನನಗೆ ಇದೇ. ಸಿಟ್ಟು ಬಂದ ಗಳಿಗೆಗೂ ಈಡು ಹೊಡೆಯುವ ಗಳಿಗೆಗೂ ನಡುವೆ ಒಂದಿಷ್ಟು ಹೊತ್ತು ಸಿಗುವ ಹಾಗೆ ಮಾಡುವುದು.

ಹಾಗಂತ ಭಾವ ಹೇಳಿದ್ದರಲ್ಲಿ ಸತ್ಯ ಇಲ್ಲವೇ ಇಲ್ಲ ಅನ್ನಲಾರೆ. ಕಳ್ಳರು ಲೈಸೆನ್ಸ್ ಮಾಡಿಸುತ್ತಾರಾ ಅಂತ ಅವ ಕೇಳಿದ. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿದರೆ ಸಾಕು. 1996ರ ಏಪ್ರಿಲ್‌ನಲ್ಲಿ ಭಟ್ಕಳದ ಶಾಸಕ ಡಾ. ಚಿತ್ತರಂಜನ್ ಅವರನ್ನು ಗುಂಡಿಟ್ಟು ಕೊಂದರು. 2000ದಲ್ಲಿ ಕಾರವಾರದ ಶಾಸಕ ವಸಂತ ಅಸ್ನೋಟಿಕರ್. 2013ರಲ್ಲಿ ಅಂಕೋಲಾದ ಉದ್ಯಮಿ ಆರ್.ಎನ್. ನಾಯಕ. ಆ ಕೊನೆಯ ಪ್ರಕರಣದಲ್ಲಿ ಭೂಗತ ಪಾತಕಿ ಬನ್ನಂಜೆ ರಾಜನನ್ನು ಮೊರಾಕ್ಕೊದಿಂದ ಹಿಡಿದು ತರಬೇಕಾಯಿತು, 2022ರಲ್ಲಿ ಜೀವಾವಧಿ ಶಿಕ್ಷೆ ಆಯಿತು. ಘಟ್ಟದ ಮೇಲಿನ ಧಾರವಾಡದಲ್ಲಿ 2015ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದದ್ದು 7.65 ಎಂ.ಎಂ.ನ ನಾಡ ಪಿಸ್ತೂಲಿನಲ್ಲಿ. ಹೊಂಚು ಹಾಕಿ, ಸುಪಾರಿ ಕೊಟ್ಟು ಕೊಲ್ಲುವವರಿಗೆ ನಮ್ಮ ಕೇಪಿನ ಕೋವಿ ಏತಕ್ಕೆ? ಜಗತ್ತಿನ ಬಂದೂಕುಗಳ ಲೆಕ್ಕ ಇಡುವ ಸ್ಮಾಲ್ ಆರ್ಮ್ಸ್ ಸರ್ವೆಯವರ 2018ರ ಅಂದಾಜಿನಲ್ಲಿ ಭಾರತದ ಜನರ ಬಳಿ ಸುಮಾರು 7.1 ಕೋಟಿ ಬಂದೂಕುಗಳಿವೆ, ದಾಖಲೆಯಲ್ಲಿರುವವು 97 ಲಕ್ಷ. ಚುನಾವಣೆಗೆ ಠೇವಣಿ ಆಗುವುದು ಯಾವುದು? ಈ 97 ಲಕ್ಷದಲ್ಲಿರುವವೇ. ಉಳಿದ ಕೋಟಿಗಟ್ಟಲೆ ಕೋವಿಗಳಿಗೆ ನೀತಿಸಂಹಿತೆ ಇಲ್ಲ.

ಆದರೆ ಈ ಚರ್ಚೆಯಲ್ಲಿ ಯಾರೂ ಎತ್ತದ ಒಂದು ವಿಷಯ ಇದೆ. ಅಮೆರಿಕದಲ್ಲಿ 2021ರಲ್ಲಿ ಗುಂಡೇಟಿಗೆ ಸತ್ತವರು 48 ಸಾವಿರಕ್ಕೂ ಜಾಸ್ತಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮನ್ನು ತಾವೇ ಕೊಂದುಕೊಂಡವರು. ಕಳ್ಳ, ಗೂಂಡಾ, ಭಯೋತ್ಪಾದಕ ಯಾರೂ ಬರಲಿಲ್ಲ. ಕೋವಿ ಮನೆಯಲ್ಲೇ ಇತ್ತು, ಅಷ್ಟೇ. ಸಾಯಬೇಕು ಅಂದವ ಹೇಗೂ ಸಾಯುತ್ತಾನೆ ಅಂತ ನಮ್ಮಲ್ಲೂ ಸಲೀಸಾಗಿ ಹೇಳಿಬಿಡುತ್ತಾರೆ. ಅದು ಸುಳ್ಳು ಅಂತ ತೋರಿಸಿದ್ದು ಶ್ರೀಲಂಕಾ. ಅಲ್ಲಿ ವಿಷ ಕುಡಿದು ಸಾಯುವವರು ವಿಪರೀತ ಇದ್ದರು. 1995ರಲ್ಲಿ ತೀರಾ ಘೋರವಾದ ಕೀಟನಾಶಕಗಳನ್ನು, 1998ರಲ್ಲಿ ಎಂಡೋಸಲ್ಫಾನ್ ಅನ್ನು ನಿಷೇಧಿಸಿದರು. ಮುಂದಿನ ಹತ್ತು ವರ್ಷದಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಸಾಲ, ಜಗಳ, ಕುಡಿತ ಎಲ್ಲ ಇದ್ದೇ ಇತ್ತು. ಆ ಒಂದು ಗಳಿಗೆಯಲ್ಲಿ ಕೈಗೆ ಸಿಗುವ ಬಾಟಲಿಯಲ್ಲಿ ಅಷ್ಟು ಘೋರ ವಿಷ ಇರಲಿಲ್ಲ.

ಹಾಗಾಗಿ ಬಿಗಿ ಮಾಡುವುದಾದರೆ ಮನೆಯೊಳಗೆ ಮಾಡಿ ಅನ್ನುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ವೈದ್ಯರ ಸರ್ಟಿಫಿಕೇಟ್, ತರಬೇತಿ ಎಲ್ಲ ಬಂದಿದೆ. ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರ ಬಳಿ ಮೂರು ಕೋವಿ ಇರಬಹುದಾದದ್ದು ಎರಡಕ್ಕೆ ಇಳಿಯಿತು. ಮದುವೆ ಮೆರವಣಿಗೆಯಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಂತಲೂ ಆಯಿತು. ಒಳ್ಳೆಯದೇ. ಆದರೆ ಅಪ್ಪಯ್ಯನ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸುವಾಗ ಪಹಣಿ ಕೇಳಿದರು, ಫೋಟೋ ಕೇಳಿದರು, ಚಲನ್ ಕೇಳಿದರು. ಡಾಕ್ಟರು ತಲೆ ಎತ್ತದೆ ಸಹಿ ಹಾಕಿದರು. ಕುಡಿಯುತ್ತೀರಾ, ನಿದ್ದೆ ಬರುತ್ತದಾ, ಮನೆಯಲ್ಲಿ ಹೊಡೆತ ಬಡಿತ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. ಕೆನಡಾದಲ್ಲಿ ಲೈಸೆನ್ಸ್ ಅರ್ಜಿಗೆ ಹೆಂಡತಿಯ ಅಥವಾ ಗಂಡನ ಸಹಿ ಕೇಳುತ್ತಾರೆ. ಸಹಿ ಇಲ್ಲದಿದ್ದರೆ, ಇಂಥವರು ಅರ್ಜಿ ಹಾಕಿದ್ದಾರೆ ಅಂತ ಅವರಿಗೆ ತಿಳಿಸುತ್ತಾರೆ. ಇದನ್ನು ಹೇಳಿದಾಗ ನನ್ನ ಹೆಂಡತಿ, "ಎನ್ನ ಕೇಳಿದ್ರೆ ಆನು ಸಹಿ ಹಾಕ್ತಿದ್ನಿಲ್ಲೆ" ಅಂದಳು. ನಗುತ್ತಲೇ ಅಂದಳು, ಆದರೂ ಅವಳನ್ನು ಕೇಳಬೇಕಿತ್ತು ಅಲ್ವಾ?

ಚುನಾವಣೆ ಠೇವಣಿಗೂ ಇದೇ ಮಾತು. ಯಾರ ಕೋವಿ ತೆಗೆದುಕೊಳ್ಳಬೇಕು, ಯಾರದ್ದು ಬೇಡ ಎಂದು ನೋಡಲು ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇದೆ. ಅದು ಒಬ್ಬೊಬ್ಬರ ಹೆಸರು ನೋಡಿ ತೀರ್ಮಾನಿಸಲಿ. ಕೇಸು ಇದ್ದವರ, ಕುಡಿದು ಗಲಾಟೆ ಮಾಡುವವರ ಕೋವಿ ಚುನಾವಣೆಗೆ ಮಾತ್ರ ಯಾಕೆ, ವರ್ಷಪೂರ್ತಿ ಠಾಣೆಯಲ್ಲೇ ಇರಲಿ. ಎಪ್ಪತ್ತೈದು ದಾಟಿದ ತೋಟದ ಯಜಮಾನರನ್ನು ಬಸ್ ಹತ್ತಿಸಿ ಕೇಪಿನ ಕೋವಿ ತರಿಸುವುದನ್ನು ಬಿಡಿ.