ಏಳನೇ ಪುಟ ಹುಳುಗಳ ಪಾಲು

ಇವತ್ತು ಬೆಳಿಗ್ಗೆ ಹಾಲು ಕಾಯಿಸೋಣ ಅಂತ ಕಣ್ಣುಜ್ಜಿಕೊಂಡು ಬಂದವಳ ಬರಿಗಾಲಿಗೆ ಏನೋ ತಣ್ಣಗೆ, ಮೆತ್ತಗೆ ಸಿಕ್ಕಿತು. ಲೈಟ್ ಹಾಕಿದರೆ ನೆಲದ ತುಂಬಾ ಎರೆಹುಳು! ಅಡುಗೆಮನೆಯ ಸಿಪ್ಪೆಯನ್ನು ಗೊಬ್ಬರ ಮಾಡಲಿ ಅಂತ ನಾನು ಡಬ್ಬದಲ್ಲಿ ಸಾಕಿಕೊಂಡವು. ಬಾಡಿಗೆ ಬಾಕಿ ಇಟ್ಟವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದ ಹಾಗೆ ಡಬ್ಬದ ಅಂಚು ಹತ್ತಿ ಇಳಿದು ಹೊರಟಿದ್ದವು. ಒಂದೊಂದನ್ನೇ ಚಮಚದಲ್ಲಿ ಎತ್ತಿ ವಾಪಸ್ ಹಾಕಿದೆ. ಯಾವ ಚಮಚ ಅಂತ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಎರೆಹುಳು ಸುಮ್ನೆ ಮನೆ ಬಿಡುವುದಿಲ್ಲ. ಹಾಸಿಗೆ, ಅಂದರೆ ಡಬ್ಬದೊಳಗೆ ಅವು ಇರಲು ಹಾಸಿದ್ದು, ಕೆಟ್ಟರೆ ಬಿಡುತ್ತವೆ. ಪಾಪ, ಅವಕ್ಕೆ ಶ್ವಾಸಕೋಶ ಇಲ್ಲ, ಚರ್ಮದಲ್ಲೇ ಉಸಿರಾಟ, ಹಾಗಾಗಿ ಹಾಸು ಒಣಗಿದರೂ ಕಷ್ಟ, ನೀರು ನಿಂತು ಗಾಳಿಯಾಡದಿದ್ದರೂ ಕಷ್ಟ. ಒಂದು ಹಿಡಿ ಹಾಸು ಎತ್ತಿ ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು. ಇವತ್ತು ಹಿಂಡಿದರೆ ನೆನೆಸಿದ ಟವೆಲ್ ಹಿಂಡಿದ ಹಾಗೆ ಸುರಿಯಿತು.

ಈ ಹಾಸಿಗೆ ವಿಷಯದಲ್ಲಿ ನಾನು ಮಾಡದ ತಪ್ಪಿಲ್ಲ. ಮೊದಲು ಹಸಿ ಸಗಣಿ ಹಾಕಿದೆ, ಅದು ಒಳಗೊಳಗೇ ಬಿಸಿಯಾಗಿ ಹುಳುಗಳೆಲ್ಲ ಮೂಲೆ ಸೇರಿದವು. ಆಮೇಲೆ ಕೋಕೋಪಿಟ್ ಅಂದರೆ ತೆಂಗಿನ ನಾರಿನ ಪುಡಿ ತಂದೆ, ಉಪ್ಪಿನಂಶ ಹೋಗುವ ಹಾಗೆ ತೊಳೆಯಬೇಕು ಅಂತ ಗೊತ್ತಿರಲಿಲ್ಲ. ಕೊನೆಗೆ ಹೊಂದಿಕೊಂಡಿದ್ದು ಹಳೇ ಪೇಪರ್ ಮತ್ತು ರಟ್ಟಿನ ಚೂರು. ಸಿಪ್ಪೆಗಳು ಬಿಡುವ ನೀರನ್ನೆಲ್ಲ ಅವೇ ಹೀರಬೇಕು. ಅದಕ್ಕೇ ಸಿಪ್ಪೆ ಹಾಕಿದಾಗೆಲ್ಲ ಒಂದಿಷ್ಟು ಒಣ ಪೇಪರ್ ಸೇರಿಸಬೇಕು.

ಪೇಪರ್ ಹರಿಯುವ ಕೆಲಸ ನಮ್ಮ ಮಾವನವರದು. ಅಲ್ಲೇ ಎಡವಟ್ಟಾಗಿದ್ದು.

ಪೇಪರನ್ನು ಮೇಲಿಂದ ಕೆಳಕ್ಕೆ ಹರಿದರೆ ಸರ್ರನೆ ನೇರ ಪಟ್ಟಿ ಬರುತ್ತದೆ, ಐದು ನಿಮಿಷದಲ್ಲಿ ಬುಟ್ಟಿ ತುಂಬುತ್ತದೆ. ಮಾವ ಹಾಗೆ ಹರಿಯುವುದಿಲ್ಲ. ಸುದ್ದಿಯ ಸುತ್ತ ಹರಿಯುತ್ತಾರೆ, ಓದದೆ ಯಾವುದನ್ನೂ ಬುಟ್ಟಿಗೆ ಬಿಡುವುದಿಲ್ಲ. ಮೂರು ವರ್ಷದ ಹಿಂದಿನ ಹವಾಮಾನ ವರದಿ ಓದಿ, ನಾನು ಹೊರಗೆ ಹೊರಟಾಗ "ಕೊಡೆ ತಗೊಂಡು ಹೋಗಮ್ಮ" ಅಂದವರು. ಪದಬಂಧ ಸಿಕ್ಕರಂತೂ ಅವತ್ತಿನ ಕೆಲಸ ಮುಗಿದಂತೆ. ಒಂದು ಗಂಟೆಯ ದುಡಿಮೆಗೆ ಒಂದು ಹಿಡಿ ಚೂರು.

ಕಳೆದ ವಾರ ಯಾವುದೋ ಹಳೇ ಆಸ್ತಿ ಜಗಳದ ಸುದ್ದಿ ಸಿಕ್ಕಿತು. ಅಣ್ಣ ತಮ್ಮಂದಿರು, ಒಂದು ಬಾವಿ, ಕೋರ್ಟು. ತೀರ್ಪು ಬರುವ ಹೊತ್ತಿಗೆ ಸರಿಯಾಗಿ "7ನೇ ಪುಟಕ್ಕೆ" ಅಂತ ಇತ್ತು. ಏಳನೇ ಪುಟವನ್ನು ಹಿಂದಿನ ವಾರವೇ ನಾನು ಹರಿದು ಹುಳುಗಳಿಗೆ ಹಾಸಿಯಾಗಿತ್ತು. ಮಾವ ಒಂದು ಮಾತೂ ಆಡದೆ ಎದ್ದರು. ತೋಳು ಮಡಚಿದರು. ಡಬ್ಬಕ್ಕೆ ಕೈ ಹಾಕಿ ಒಂದೊಂದೇ ಒದ್ದೆ ಚೂರು ತೆಗೆದು, ಅಂಟಿಕೊಂಡಿದ್ದ ಹುಳುವನ್ನು "ಏಳಪ್ಪಾ" ಅಂತ ಪಕ್ಕಕ್ಕೆ ಸರಿಸಿ, ಕಿಟಕಿ ಬೆಳಕಿಗೆ ಹಿಡಿದು ಓದತೊಡಗಿದರು. ನಾಲ್ಕು ಚೂರು ಜೋಡಿಸುವ ಹೊತ್ತಿಗೆ "ಆದ್ದರಿಂದ ಬಾವಿಯು" ಅನ್ನುವವರೆಗೆ ಬಂತು. ಮುಂದಿನದು ಗೊಬ್ಬರವಾಗಿತ್ತು.

"ನಿನ್ನ ಹುಳು ತೀರ್ಪು ತಿಂದುಬಿಟ್ಟಿವೆ ನೋಡು" ಅಂದರು, ನಾನೇ ಹೇಳಿ ತಿನ್ನಿಸಿದ ಹಾಗೆ! ಅಂದಿನಿಂದ ಮುಂದಿನ ಪುಟ ಸಿಗುವವರೆಗೆ ಯಾವ ಪೇಪರನ್ನೂ ಹರಿಯುವುದಿಲ್ಲ ಅಂತ ಮುಷ್ಕರ. ನಾನು ಅದಕ್ಕೆ ತಲೆ ಕೆಡಿಸಿಕೊಳ್ಳದೆ ಸಿಪ್ಪೆ ಹಾಕುತ್ತಲೇ ಹೋದೆ. ಪರಿಣಾಮ ಕಾಲಡಿಗೇ ಸಿಕ್ಕಿತು.

ಬೈಯೋಣ ಅಂದರೆ ಬಾಯಿ ಬರುವುದಿಲ್ಲ. ಅತ್ತೆಗೆ ಕಣ್ಣು ಮಂಜಾದ ಮೇಲೆ ಇಡೀ ಪೇಪರನ್ನು ಇವರೇ ಜೋರಾಗಿ ಓದಿ ಹೇಳುತ್ತಿದ್ದರು, ಜಾಹೀರಾತನ್ನೂ ಬಿಡದೆ. ಅತ್ತೆ ಹೋಗಿ ಎರಡು ವರ್ಷವಾಯಿತು. ಈಗಲೂ ಓದುವಾಗ ತುಟಿ ಅಲ್ಲಾಡುತ್ತದೆ, ದನಿ ಮಾತ್ರ ಬರುವುದಿಲ್ಲ.

ಇರಲಿ. ಮಧ್ಯಾಹ್ನ ಕೂತು ಎರಡು ರಟ್ಟಿನ ಪೆಟ್ಟಿಗೆ ನಾನೇ ಹರಿದೆ, ಉಗುರು ಕಿತ್ತು ಬಂತು. ಹಾಸನ್ನು ಕೈಯಲ್ಲೇ ಸಡಿಲ ಮಾಡಿ ಚೂರು ಬೆರೆಸಿದೆ. ಹುಳುಗಳಿಗೆ ಕಣ್ಣಿಲ್ಲದಿದ್ದರೂ ಚರ್ಮಕ್ಕೆ ಬೆಳಕು ತಿಳಿಯುತ್ತದೆ, ಬೆಳಕಿದ್ದರೆ ಮೇಲೆ ಬರುವುದಿಲ್ಲ. ಅದಕ್ಕೇ ರಾತ್ರಿ ಮುಚ್ಚಳ ತೆಗೆದು, ಡಬ್ಬದ ಮೇಲೆ ಲೈಟ್ ಉರಿಯಲು ಬಿಟ್ಟು ಮಲಗಿದೆ.

ಹನ್ನೊಂದಕ್ಕೆ ನೀರು ಕುಡಿಯಲು ಎದ್ದು ಬಂದರೆ, ಡಬ್ಬದ ಪಕ್ಕ ಕುರ್ಚಿ ಹಾಕಿಕೊಂಡು ಮಾವ ಕೂತಿದ್ದಾರೆ. ತೊಡೆ ಮೇಲೆ ಒಂದು ಕಟ್ಟು ಹಳೇ ಪೇಪರ್, ಒಂದೂ ಹರಿದಿಲ್ಲ.

"ಲೈಟ್ ಹೇಗೂ ಉರೀತಾ ಇದೆಯಲ್ಲಮ್ಮ" ಅಂದರು.