ಗಡಿಯಾರ ನೋಡಲು ಬಾರದ ಎಂಜಿನಿಯರ್

ನಾನು ಎಂಜಿನಿಯರ್ ಕೆಲಸ ಬಿಟ್ಟು ಪ್ಲಂಬಿಂಗ್ ಕಲಿಯಲು ಹೊರಟ ವಾರ, ನಮ್ಮ ಮನೆಗೆ ಬಂದವರೆಲ್ಲ ಮೆಲ್ಲಗೆ ಮಾತಾಡಿದರು. ಸಾವಾದ ಮನೆಯಲ್ಲಿ ಮಾತಾಡುತ್ತಾರಲ್ಲ, ಹಾಗೆ. ಸತ್ತದ್ದು ನನ್ನ ಡಿಗ್ರಿ.

“ಚೆನ್ನಾಗೇ ಇದ್ದನಲ್ರೀ, ಹೋದ ತಿಂಗಳು ಕೂಡ ಲ್ಯಾಪ್‌ಟಾಪ್ ಮುಂದೆ ಕೂತಿದ್ದ” ಎಂದರು ಒಬ್ಬರು. “ಮೊದಲೇ ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತು” ಎಂದರು ಇನ್ನೊಬ್ಬರು.

ಎಲ್ಲರಿಗಿಂತ ಜಾಸ್ತಿ ನೊಂದವರು ನನ್ನ ಸೋದರಮಾವ. ಮೈಕ್ ಸಿಕ್ಕರೆ ಸಾಕು, ‘ಯಾವ ಕೆಲಸವೂ ಸಣ್ಣದಲ್ಲ’ ಎಂದು ಅರ್ಧ ಗಂಟೆ ಮಾತಾಡುವವರು. ಚಪ್ಪಾಳೆಯೂ ಬೀಳುತ್ತದೆ. “ಸಣ್ಣ ಕೆಲಸ ಅಂತ ನಾನೆಲ್ಲಿ ಅಂದೆ? ಆದರೆ ಅದನ್ನ ಮಾಡೋಕೆ ಬೇರೆಯವರಿದ್ದಾರಲ್ಲ ಕಣೋ” ಎಂದರು. ಹೋಗುವಾಗ ಅಮ್ಮನಿಗೆ ಒಂದು ಉಪಾಯವನ್ನೂ ಹೇಳಿಕೊಟ್ಟರು: ಕೇಳಿದವರಿಗೆ ‘ಸ್ಟಾರ್ಟಪ್’ ಅಂದುಬಿಡು.

ನನ್ನ ಓದಿನ ಬಗ್ಗೆಯೂ ಹೇಳಬೇಕು. ಡೇನಿಯಲ್ ಬರ್ನೂಲಿ 1738ರಲ್ಲಿ ನೀರಿನ ಹರಿವಿನ ಮೇಲೆ ಪುಸ್ತಕ ಬರೆದ. ಅವನ ಹೆಸರಿನ ಸಮೀಕರಣವನ್ನು ನಾನು ನಿದ್ದೆಯಲ್ಲೂ ಬಿಡಿಸುತ್ತಿದ್ದೆ. ಅದರಲ್ಲಿ ಪೈಪಿಗೆ ಘರ್ಷಣೆ ಇಲ್ಲ ಅಂದುಕೊಳ್ಳಬೇಕು. ಸೋರಿಕೆಯಂತೂ ಇಲ್ಲವೇ ಇಲ್ಲ. ಅಂಥ ಪೈಪು ಸಿಕ್ಕಿದ್ದರೆ ನಾನು ಪ್ಲಂಬರ್ ಆಗಲೇಬೇಕಿರಲಿಲ್ಲ.

ಮೊದಲ ದಿನ ಮೇಸ್ತ್ರಿ ಒಂದು ನಲ್ಲಿ, ನೀರು ಸೋರದಂತೆ ಸುತ್ತುವ ಒಂದು ಸುರುಳಿ ಟೆಫ್ಲಾನ್ ಟೇಪು ಕೊಟ್ಟರು. ನಲ್ಲಿಯ ಥ್ರೆಡ್ ತುದಿಯನ್ನು ನಮ್ಮ ಮುಖದ ಕಡೆ ಹಿಡಿದುಕೊಂಡು, ಗಡಿಯಾರದ ಮುಳ್ಳು ತಿರುಗುವ ಕಡೆಗೇ ಟೇಪು ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ಬಿಗಿ ಮಾಡುವಾಗ ಟೇಪು ಬಿಚ್ಚಿಕೊಂಡು, ಮುದ್ದೆಯಾಗಿ ಹೊರಗೆ ಬರುತ್ತದೆ. ನನ್ನದು ಮುದ್ದೆಯಾಗಿ ಹೊರಗೆ ಬಂತು. ಮೇಸ್ತ್ರಿ ಬೈಯಲಿಲ್ಲ. ಗೋಡೆಯ ಕಡೆ ಬೆರಳು ತೋರಿಸಿ, “ಟೈಮ್ ನೋಡೋಕೆ ಬರುತ್ತೆ ಅಲ್ವಾ?” ಎಂದರು. ನಾಲ್ಕು ವರ್ಷದಲ್ಲಿ ಯಾವ ಪ್ರೊಫೆಸರೂ ನನಗೆ ಅಷ್ಟು ಚಿಕ್ಕ ಪ್ರಶ್ನೆ ಕೇಳಿರಲಿಲ್ಲ.

ಗಡಿಯಾರಕ್ಕೂ ಈ ಕೆಲಸಕ್ಕೂ ಹಳೆಯ ನಂಟಿದೆ. ಕಮೋಡಿನ ಕೆಳಗೆ ಪೈಪನ್ನು ಬಾಗಿಸಿ, ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿ, 1775ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್ ಗಡಿಯಾರ ಮಾಡುವವನು. ಚರಂಡಿಯ ನಾತ ಮನೆಯೊಳಗೆ ಬಾರದಂತೆ ತಡೆಯುವುದು ಆ ಅಷ್ಟು ನೀರು. ಒಳ್ಳೆಯ ಕಸುಬು ಬಿಟ್ಟು ಕಕ್ಕಸಿಗೆ ಕೈ ಹಾಕಿದ್ದಕ್ಕೆ ಅವನ ಸೋದರಮಾವ ಏನಂದರೋ!

ನನ್ನ ಮಾವ ಮೂರು ತಿಂಗಳ ಮೇಲೆ ರಾತ್ರಿ ಫೋನ್ ಮಾಡಿದರು. ಬೆಳಿಗ್ಗೆ ನೆಂಟರು ಬರುತ್ತಾರೆ, ಮಹಡಿಯ ಬಾತ್‌ರೂಮು ಗಬ್ಬು ನಾರುತ್ತಿದೆ, ಯಾರೂ ಫೋನ್ ಎತ್ತುತ್ತಿಲ್ಲ. ಆ ‘ಬೇರೆಯವರು’ ಮಲಗಿದ್ದರು ಅಂತ ಕಾಣುತ್ತದೆ.

ಹೋಗಿ ನೋಡಿದೆ. ಆ ಬಾತ್‌ರೂಮನ್ನು ತಿಂಗಳುಗಟ್ಟಲೆ ಯಾರೂ ಬಳಸಿರಲಿಲ್ಲ. ನೆಲದ ಟ್ರ್ಯಾಪಿನಲ್ಲಿ, ಅಂದರೆ ನೀರು ಹೋಗುವ ತೂತಿನ ಕೆಳಗೆ ನಾತ ತಡೆಯಲು ನಿಲ್ಲಬೇಕಾದ ನೀರು ಆರಿಹೋಗಿತ್ತು. ಒಂದು ಮಗ್ ನೀರು ಸುರಿದೆ. ಕಿಟಕಿ ತೆಗೆದೆ.

ಮಾವ ಮೂಗಿನಿಂದ ಕರವಸ್ತ್ರ ಸರಿಸಿ ಎರಡು ಸಲ ಮೂಸಿದರು. ಆಮೇಲೆ ನನ್ನನ್ನೇ ದಿಟ್ಟಿಸಿದರು. “ಇಷ್ಟೇನಾ? ಇದನ್ನ ಕಲಿಯೋಕೆ ಕೆಲಸ ಬಿಟ್ಟೆಯಾ?”

ದುಡ್ಡಿನ ಮಾತು ಬರಲಿಲ್ಲ. ಒಂದು ಮಗ್ ನೀರಿಗೆ ಬಿಲ್ ಹಾಕುವುದು ಹೇಗೆಂದು ಮೇಸ್ತ್ರಿ ಇನ್ನೂ ಹೇಳಿಕೊಟ್ಟಿಲ್ಲ.